ಟನ್ ಮೇಸ್ತ್ರಿ ಕೂತು ನೋಡಿದ ಕುರ್ಚಿ

ಕುರ್ಚಿ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಮಾಡಿದ ಮೇಲೆ ಅದರ ಮೇಲೆ ಧೊಪ್ಪೆಂದು ಕೂತು, ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ ವಾಲಾಡಿ, ಆಮೇಲಷ್ಟೇ "ತಗೊಂಡ್ಹೋಗಿ" ಅನ್ನುತ್ತಿದ್ದವನು ಟನ್ ಮೇಸ್ತ್ರಿ ಒಬ್ಬನೇ. ನೂರ ಇಪ್ಪತ್ತೆರಡು ಕಿಲೋದ ಆಸಾಮಿ. ಕಾಲು ಸೀಟಿಗೆ ಸೇರುವ ಸಂದಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಕುರ್ಚಿ ಅವನ ಕೆಳಗೆ ಕಿರ್ರೆಂದು ಬಾಯಿಬಿಡುತ್ತಿತ್ತು. ಬಾಯಿಬಿಟ್ಟರೆ ಬಿಚ್ಚಿ ಮತ್ತೆ ಕೂಡಿಸುವುದು, ಬಿಡದಿದ್ದರೆ ಗಿರಾಕಿಗೆ ಕೊಡುವುದು. "ಅಳತೆಪಟ್ಟಿ ಸುಳ್ಳು ಹೇಳಬಹುದು, ನನ್ನ ಅಂಡು ಹೇಳಲ್ಲ" ಎಂದು ಬಂದವರೆದುರಿಗೆಲ್ಲ ಜಂಬ ಕೊಚ್ಚುತ್ತಿದ್ದ. ಒಳಗಿನಿಂದ ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆಮೇಲೆ ಮಂಡಿ ಕೈಕೊಟ್ಟವು, ಸಕ್ಕರೆ ಏರಿತು, ಡಾಕ್ಟರು ಮುಖ ಮೂತಿ ನೋಡದೆ ಬೈದರು. ಮೇಸ್ತ್ರಿ ಹಟಕ್ಕೆ ಬಿದ್ದ. ತಟ್ಟೆ ಅರ್ಧ ಮಾಡಿದ, ಬೆಳಗ್ಗೆ ಸಂಜೆ ನಡೆದ, ಹನ್ನೊಂದು ತಿಂಗಳಲ್ಲಿ ನಲವತ್ತೊಂದು ಕಿಲೋ ಇಳಿಸಿದ.

ಇನ್ನಾದರೂ ನೆಮ್ಮದಿಯಾಗಿರಬೇಕಿತ್ತು ತಾನೆ? ಎಲ್ಲಿಯ ನೆಮ್ಮದಿ! ಸ್ನಾನ ಮಾಡುವಾಗ ಹೊಟ್ಟೆಯ ಚರ್ಮ ಖಾಲಿ ಚೀಲದ ಹಾಗೆ ಕೈಗೆ ಬರುತ್ತಿತ್ತು. ಸರ್ರನೆ ಸೋಪು ಹಚ್ಚಿ, ಕಣ್ಣು ಬೇರೆ ಕಡೆ ಇಟ್ಟುಕೊಂಡು ಮುಗಿಸಿಬಿಡುತ್ತಿದ್ದ. ಇಬ್ಬರು ಆರಾಮಾಗಿ ಹೋಗುವಂಥ ಬಾಗಿಲಲ್ಲೂ ಇನ್ನೂ ಅಡ್ಡ ತಿರುಗಿಯೇ ನುಗ್ಗುತ್ತಿದ್ದ. "ಯಾಕೆ ಮೇಸ್ತ್ರಿ, ಹುಷಾರಿಲ್ವಾ?" ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವವರೇ. ಮೆಡಿಕಲ್ ಸ್ಟೋರಿನ ತೂಕದ ಮಶಿನ್ನು ಹತ್ತಿ ಇಳಿದು, ಎರಡು ಬೀದಿ ಸುತ್ತಿ, ಮತ್ತೆ ಬಂದು ಹತ್ತುತ್ತಿದ್ದ. ಎಲ್ಲಿ ಕೂತರೂ ಕೆಳಗೆ ಮೂಳೆ ಚುಚ್ಚುತ್ತಿತ್ತು. ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುವ ಗಂಡನನ್ನು ಕಂಡು ಹೆಂಡತಿಗೆ ರೇಗಿಹೋಗಿತ್ತು.

"ದಪ್ಪ ಇದ್ದಾಗ ಒಂದು ಕಡೆ ಬಿದ್ದಿರ್ತಿದ್ರಿ. ಈಗ ನಿಮ್ಮನ್ನ ನೋಡಿ ನೋಡಿ ನನಗೇ ತಲೆ ಸುತ್ತುತ್ತೆ ಕಣ್ರೀ!"

ಅವನ ಆ ಹಳೇ ಮೈಯನ್ನು ನೆಚ್ಚಿಕೊಂಡವಳು ಇನ್ನೊಬ್ಬಳಿದ್ದಳು, ಅವನ ತಂಗಿ. ಅವಳದೂ ಅಣ್ಣನದೇ ಮೈಕಟ್ಟು. ಶಾಲೆಯೊಂದರಲ್ಲಿ ಹಾಡು ಹೇಳಿಕೊಡುತ್ತಿದ್ದಳು. ದನಿ ಎತ್ತಿದರೆ ಮೂರನೇ ಕೋಣೆಯ ಮಕ್ಕಳೂ ಸುಮ್ಮನಾಗಬೇಕು. ಅಂಥವಳು ಕುರ್ಚಿ ಕಂಡರೆ ಮಾತ್ರ ಅಳುಕುತ್ತಿದ್ದಳು. ಚಿಕ್ಕಂದಿನಿಂದಲೂ ಅಣ್ಣ ತಂಗಿ ಎಲ್ಲಿಗೇ ಹೋದರೂ ಮೊದಲು ಅಣ್ಣ ಕೂರಬೇಕು. ಅವಳು ಏನೋ ಹುಡುಕುವವಳಂತೆ ಬ್ಯಾಗು ಕೆದಕುತ್ತ ನಿಂತು, ಅವನ ಕೆಳಗೆ ಕುರ್ಚಿ ತಡೆಯಿತೆಂದು ಕಂಡ ಮೇಲೆ ಅಂಥದೇ ಇನ್ನೊಂದರಲ್ಲಿ ಕೂರುತ್ತಿದ್ದಳು. ಇದರ ಬಗ್ಗೆ ಇಬ್ಬರೂ ಒಂದು ದಿನವೂ ಬಾಯಿಬಿಟ್ಟು ಮಾತಾಡಿದವರಲ್ಲ.

ಶಾಲೆಯ ಟೀಚರುಗಳ ಕೋಣೆಗೆ ಹತ್ತು ಕುರ್ಚಿ ಬೇಕಾದಾಗ ಅವಳೇ ಮುಂದೆ ಬಿದ್ದು ಹೆಡ್ ಮೇಡಂಗೆ ಹೇಳಿದಳು. "ನಮ್ಮಣ್ಣ ಕೂತು ನೋಡೇ ಕೊಡೋದು. ನೂರು ವರ್ಷ ಬರುತ್ತೆ."

ಮೇಸ್ತ್ರಿ ಹತ್ತನ್ನೂ ಮಾಡಿದ. ಹತ್ತರ ಮೇಲೂ ಕೂತ, ವಾಲಾಡಿದ. ಒಂದಾದರೂ ಕಿರ್ರ್ ಅನ್ನಬಾರದೆ? ಊಹೂಂ. ಕೈ ಪಳಗಿದೆ ಎಂದು ಹಿಗ್ಗಿಹೋದ, ಪೆದ್ದ. ಕಿರ್ರ್ ಅನ್ನಿಸುವಷ್ಟು ಭಾರ ತನ್ನಲ್ಲೇ ಉಳಿದಿಲ್ಲವೆಂದು ಅವನಿಗೆ ಹೊಳೆಯಲೇ ಇಲ್ಲ. ದಿನಕ್ಕೆ ಮೂರು ಸಲ ತೂಕ ನೋಡಿಕೊಳ್ಳುವವನು ಕೆಲಸಕ್ಕೆ ಕೂತಾಗ ಮಾತ್ರ ತನ್ನ ಪಾಲಿಗೆ ಹಳೇ ಟನ್ ಮೇಸ್ತ್ರಿಯೇ ಆಗಿದ್ದ.

ಶನಿವಾರ ಮಧ್ಯಾಹ್ನ ಕುರ್ಚಿಗಳು ಶಾಲೆಗೆ ಹೋದವು. ಹೆಡ್ ಮೇಡಂ, ಏಳೆಂಟು ಟೀಚರುಗಳು ಸುತ್ತ ನಿಂತಿದ್ದರು. ಮೇಸ್ತ್ರಿ ಎಲ್ಲರೆದುರು ಒಂದರ ಮೇಲೆ ಧೊಪ್ಪೆಂದು ಕೂತು ತೋರಿಸಿದ. ತಂಗಿ ಎಂದಿನಂತೆ ಬ್ಯಾಗು ಕೆದಕುತ್ತ ನೋಡಿದಳು. ಆಮೇಲೆ ನಿಶ್ಚಿಂತೆಯಿಂದ, ನಗುನಗುತ್ತ, ಪಕ್ಕದ ಕುರ್ಚಿಯಲ್ಲಿ ಕೂತಳು.

ಕಟಕ್ ಎಂದಿತು. ಹಿಂಗಾಲು ಒಳಕ್ಕೆ ಮಡಚಿತು. ತಂಗಿ ನೆಲಕ್ಕೆ ಬಿದ್ದಳು, ಹಾಡಿನ ಪುಸ್ತಕ ಮೇಜಿನಡಿ ಜಾರಿತು. ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದರು.

ಆ ಹೊತ್ತಿನಲ್ಲಿ ಮೇಸ್ತ್ರಿಯ ಎದೆಯಲ್ಲಿ ಏನಾಯಿತೆಂಬುದನ್ನು ಮುಚ್ಚಿಡುವುದೇಕೆ? ಧಸಕ್ಕೆಂದಿತು, ನಿಜ. ಅದರ ಬೆನ್ನಿಗೇ, ಸದ್ಯ ನಾನಲ್ಲ, ಅನ್ನಿಸಿತು. ಮೈ ಹಗುರಾಯಿತು. ತಂಗಿ ತಲೆ ಎತ್ತಿದವಳು ನೇರವಾಗಿ ಅವನ ಮುಖವನ್ನೇ ನೋಡಿದಳು. ಅವನು ಓಡಿಹೋಗಿ ಚಾಚಿದ ಕೈಯನ್ನು ಬದಿಗೆ ತಳ್ಳಿ, ಮೇಜು ಹಿಡಿದು ತಾನೇ ಎದ್ದು, ಪುಸ್ತಕವನ್ನೂ ಎತ್ತಿಕೊಳ್ಳದೆ ಹೊರಟುಹೋದಳು.

ಮೂರು ದಿನ ಅವಳು ಫೋನು ಎತ್ತಲಿಲ್ಲ. ಮನೆಗೆ ಹೋದರೆ ತಲೆನೋವೆಂದು ಒಳಗಿನಿಂದಲೇ ಹೇಳಿಸಿದಳು. ಮೇಸ್ತ್ರಿ ನಡೆಯಲು ಹೋದರೆ ಅರ್ಧ ದಾರಿಯಲ್ಲೇ ತಿರುಗಿ ಬರುವನು, ಬಂದವನು ಮತ್ತೆ ಚಪ್ಪಲಿ ಮೆಟ್ಟುವನು. ಇನ್ನೊಂದು ಕುರ್ಚಿ ಮಾಡಿ ಕೊಡಬಹುದು. ತಂಗಿ ಇನ್ನು ಜನ್ಮದಲ್ಲಿ ತನ್ನನ್ನು ನಂಬದಿದ್ದರೆ ಏನು ಮಾಡುವುದು? ಅದೊಂದೇ ಅವನನ್ನು ಕೊರೆಯುತ್ತಿತ್ತು.

ಹತ್ತೂ ಕುರ್ಚಿ ವಾಪಸ್ ತಂದ. ಮುರಿದ ಸಂದನ್ನು ಬೆಳಕಿಗೆ ಹಿಡಿದಾಗ ತಪ್ಪು ಎಲ್ಲಿದೆಯೆಂದು ಕಂಡಿತು: ಕೂದಲೆಳೆಯಷ್ಟು ಸಡಿಲ, ಅವನ ಈಗಿನ ಭಾರಕ್ಕೆ ಬಾಯಿಬಿಡದೆ ಉಳಿದದ್ದು. ಹಲ್ಲು ಕಚ್ಚಿ ಅದನ್ನು ಹೊಸದಾಗಿ ಕೂಡಿಸಿದ. ಆಮೇಲೆ ಎರಡು ಚೀಲಕ್ಕೆ ಮರಳು ತುಂಬಿ, ತಕ್ಕಡಿಯಲ್ಲಿ ಇಟ್ಟು, ಬೊಗಸೆ ಬೊಗಸೆ ಸೇರಿಸಿ ತೆಗೆದು, ಎರಡೂ ಸೇರಿ ಸರಿಯಾಗಿ ನಲವತ್ತೊಂದು ಕಿಲೋ ಮಾಡಿದ. ಒಂದನ್ನು ಹಗ್ಗದಿಂದ ಬೆನ್ನಿಗೆ ಬಿಗಿದು, ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕುರ್ಚಿಯ ಮೇಲೆ ಕೂತ. ಮೂರನೆಯದು ಕಿರ್ರೆಂದಿತು. ಏಳನೆಯದೂ ಎಂದಿತು. ಅವನ ಮಂಡಿಗಳಂತೂ ಪ್ರತಿ ಸಲವೂ ಎಂದವು.

ಅತ್ತಿಗೆ ಹೇಳಿಕಳಿಸಿದಳೆಂದು ಮಂಗಳವಾರ ಸಂಜೆ ಶಾಲೆ ಬಿಟ್ಟ ಮೇಲೆ ತಂಗಿ ಬಂದಾಗ ಅಣ್ಣ ಹತ್ತನೆಯ ಕುರ್ಚಿಯಲ್ಲಿ ಸಿಕ್ಕಿಬಿದ್ದಿದ್ದ. ಏಳಲು ನೋಡಿದ, ಆಗಲಿಲ್ಲ.

"ಏನಣ್ಣ ಇದು ಅವತಾರ?"

"ನಲವತ್ತೊಂದು ಕಿಲೋ. ಹಳೇ ನಾನು."

ಅವಳು ನಗಲಿಲ್ಲ. ಬಾಗಿಲಿಗೇ ಒರಗಿ ನಿಂತಳು. "ಬಿದ್ದಿದ್ದಕ್ಕೆ ನನಗೇನೂ ಇಲ್ಲ. ಬಿದ್ದು ಅಭ್ಯಾಸ ಇದೆ. ನಿನ್ನ ಮುಖ ನೋಡಿದೆ ನಾನು. ಸದ್ಯ ನಾನಲ್ಲ, ಅಂತಿತ್ತು ಅದು."

ಗಾಬರಿ ಆಗಿತ್ತು, ಕಣ್ಣು ಕತ್ತಲೆ ಬಂದಿತ್ತು ಎಂದು ಹೇಳಬಹುದಿತ್ತು. ಮೂರು ದಿನದಿಂದ ಅಂಥ ಸುಳ್ಳುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದ. ಒಂದೂ ನಾಲಿಗೆಗೆ ಬರಲಿಲ್ಲ.

"ಹೌದು ಪುಟ್ಟಿ. ಹಾಗೇ ಅನ್ನಿಸ್ತು. ಆವಾಗಿಂದ ಕೂರೋಕಾಗ್ತಿಲ್ಲ, ನಿಲ್ಲೋಕಾಗ್ತಿಲ್ಲ. ನಿನ್ನ ಒಬ್ಬಳನ್ನೇ ಬಿಟ್ಟು, ನಗೋರ ಕಡೆ ಹೋಗ್ಬಿಟ್ನಲ್ಲ ಅಂತ."

ತಂಗಿ ಹತ್ತಿರ ಬಂದು ಅವನ ಬೆನ್ನಿನ ಹಗ್ಗದ ಗಂಟು ಬಿಚ್ಚತೊಡಗಿದಳು.

"ನೀನು ಮೊದಲು ಕೂರೋವಾಗೆಲ್ಲ ನಾನು ಏನಂದ್ಕೊಳ್ತಿದ್ದೆ ಗೊತ್ತಾ? ಮುರಿಯೋದಿದ್ರೆ ಇವನ ಕೆಳಗೇ ಮುರೀಲಪ್ಪ, ಅಂತ. ಒಂದ್ಸಲ ಅಲ್ಲ. ಮೂವತ್ತು ವರ್ಷ."

"ಅಯ್ಯೋ ಕಳ್ಳಿ," ಎಂದ ಮೇಸ್ತ್ರಿ.

ಅವಳು ಚೀಲಗಳನ್ನು ಒಂದೊಂದಾಗಿ ಇಳಿಸಿ ಪಕ್ಕಕ್ಕೆ ಎಳೆದಳು. "ಏಳು. ಇದು ಶಬ್ದ ಮಾಡ್ತಾ?"

"ಇನ್ನೂ ಇಲ್ಲ. ತಡಿ, ಚೀಲ ಇಟ್ಕೊಂಡು ಇನ್ನೊಂದ್ಸಲ ನೋಡ್ತೀನಿ."

"ಬೇಡ."

ಅವಳು ಬ್ಯಾಗನ್ನು ನೆಲಕ್ಕಿಟ್ಟಳು. ಕುರ್ಚಿಗೆ ಬೆನ್ನು ಮಾಡಿ ನಿಂತಳು. ಕುರ್ಚಿಯ ಕಡೆ ನೋಡಲೂ ಇಲ್ಲ, ಅಣ್ಣನ ಮುಖದ ಮೇಲಿಂದ ಕಣ್ಣು ಕೀಳಲಿಲ್ಲ. ಹಾಗೇ ನೋಡುತ್ತ ನಿಧಾನವಾಗಿ ಮಂಡಿ ಬಗ್ಗಿಸಿದಳು. ಮೇಸ್ತ್ರಿ ಎರಡೂ ಕೈ ಚಾಚಿ, ನಡೆಯಲು ಕಲಿಯುವ ಕೂಸಿನೆದುರು ನಿಂತವರ ಹಾಗೆ ಅರ್ಧ ಬಗ್ಗಿ ನಿಂತಿದ್ದ. ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು.

"ಬೀಳಲ್ಲ ಬಿಡೋ, ಉಸಿರಾಡು," ಎಂದು ತಂಗಿ ಭಾರವನ್ನೆಲ್ಲ ಬಿಟ್ಟು ಕೂತಳು.