ಮೇಷ್ಟ್ರ ಏಳನೇ ಲೆಮ್ಮಾ

ನಮ್ಮ ಗಣಿತ ವಿಭಾಗಕ್ಕೆ ಐವತ್ತು ತುಂಬಿತು, ಅದರ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಹಾಸನದ ಈ ಕಾಲೇಜಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷ ಮನೆಯಲ್ಲೇ ಇದ್ದವಳನ್ನು ಇನ್ನೂ ಅತಿಥಿ ಅನ್ನುವವರ ಮುಖಕ್ಕೆ ಏನು ಹೇಳುವುದು? ಕಾಯಂ ಆದವರಿಗೆ ಬೇಡವಾದ ಕೆಲಸವೆಲ್ಲ ಅತಿಥಿಗಳ ಪಾಲು. ಹೂಗುಚ್ಛ ತರುವುದು, ಪರೀಕ್ಷೆ ಕೊಠಡಿ ಕಾಯುವುದು, ಈಗ ಚರಿತ್ರೆ.

“ಹನ್ನೆರಡು ಪುಟ ಸಾಕು ಆಶಾರಾಣಿ” ಎಂದರು ವಿಭಾಗದ ಮುಖ್ಯಸ್ಥ ಶಶಿಕುಮಾರ್. “ಮುಂದಿನ ತಿಂಗಳು ತಪಾಸಣೆ ತಂಡ ಬತ್ತದೆ. ಮೊದಲ್ನೇ ಪುಟಕ್ಕೆ ಮೇಷ್ಟ್ರ ಫೋಟೋ ದೊಡ್ಡದಾಗಿ ಹಾಕಿ. ಮಿಕ್ಕಿದ್ದು ನೀವೇ ತುಂಬಿಸ್ಕಳಿ.”

ಮೇಷ್ಟ್ರು ಎಂದರೆ ರಂಗಸ್ವಾಮಿ. ಸ್ನಾತಕೋತ್ತರ ವಿಭಾಗ ಕಟ್ಟಿದವರು, ನನಗೂ ಶಶಿಕುಮಾರ್‌ಗೂ ಪಿಎಚ್‌ಡಿ ಗೈಡು, ತೀರಿಕೊಂಡು ಆರು ವರ್ಷವಾಯಿತು. ಕಾಂಪ್ಲೆಕ್ಸ್ ಅನಾಲಿಸಿಸ್ ಎಂದರೆ ಹಾಸನ, ಹಾಸನ ಎಂದರೆ ರಂಗಸ್ವಾಮಿ ಎಂದು ದೂರದ ವಿಶ್ವವಿದ್ಯಾಲಯಗಳಲ್ಲೂ ಅನ್ನುತ್ತಿದ್ದರು. ಎರಡು ಫಲನಗಳು, ಅಂದರೆ ಫಂಕ್ಷನ್‌ಗಳು, ಒಂದಿಷ್ಟು ಬೆಲೆಗಳನ್ನು ಒಂದೇ ಜಾಗಗಳಲ್ಲಿ ಪಡೆದರೆ ಅವೆರಡೂ ಒಂದೇ ಫಲನ ಎಂದು ಯಾವಾಗ ಹೇಳಬಹುದು? ನಮ್ಮ ವಿಭಾಗ ಐವತ್ತು ವರ್ಷ ಅರೆದದ್ದು ಈ ಒಂದೇ ಪ್ರಶ್ನೆಯನ್ನು. ಅದಕ್ಕೆ ಮೇಷ್ಟ್ರು ೧೯೮೬ರಲ್ಲಿ ಒಂದು ಪ್ರಬಂಧ ಬರೆದರು. ಅದರ ಏಳನೇ ಲೆಮ್ಮಾ, ಅಂದರೆ ದೊಡ್ಡ ಪ್ರಮೇಯಕ್ಕೆ ಮೆಟ್ಟಿಲಾಗುವ ಸಣ್ಣ ಫಲಿತಾಂಶ, ನಮಗೆಲ್ಲ ಅನ್ನ ಹಾಕಿತು.

ವಿಭಾಗದಲ್ಲಿ ಒಂದು ಪದ್ಧತಿ ಇತ್ತು. ಯಾರ ಥೀಸಿಸ್‌ನಲ್ಲೂ ಏಳನೇ ಲೆಮ್ಮಾದ ಸಾಧನೆ, ಅಂದರೆ ಅದು ಯಾಕೆ ನಿಜ ಎಂದು ಹಂತಹಂತವಾಗಿ ತೋರಿಸುವುದನ್ನು, ಬರೆಯುತ್ತಿರಲಿಲ್ಲ. “ಏಳನೇ ಲೆಮ್ಮಾದಿಂದ” ಎಂದು ಬರೆದು ಮುಂದಕ್ಕೆ ಹೋಗುವುದು. ಕೂತು ಪರಿಶೀಲಿಸಿದರೆ ಮೇಷ್ಟ್ರನ್ನು ಅನುಮಾನಿಸಿದ ಹಾಗೆ. ನನ್ನ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಅದರ ಸಾಧನೆ ಕೇಳಿದಾಗ ಮೇಷ್ಟ್ರೇ ಅಡ್ಡ ಬಂದು, “ಅದು ನಮ್ಮನೇದು ಸಾರ್, ಮುಂದುಕ್ಕೆ ಓಗಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಚರಿತ್ರೆಗಾಗಿ ಶನಿವಾರದ ವಿಚಾರಗೋಷ್ಠಿಯ ಹಳೇ ರಿಜಿಸ್ಟರುಗಳನ್ನು ತೆಗೆದೆ. ೧೯೯೪ರ ಆಗಸ್ಟಿನ ಒಂದು ಪುಟದಲ್ಲಿ ಹೀಗಿತ್ತು: “ಮಾತನಾಡಿದವರು: ಚೆನ್ನಯ್ಯ, ಸಂಶೋಧನಾ ವಿದ್ಯಾರ್ಥಿ. ವಿಷಯ: ಏಳನೇ ಲೆಮ್ಮಾದ ಬಗ್ಗೆ ಒಂದು ಅನುಮಾನ. ಹಾಜರಿ: ಎಂಟು.” ಅದರ ಕೆಳಗೆ ಮೇಷ್ಟ್ರ ಕೈಬರಹ, ಕೆಂಪು ಶಾಯಿ: “ಚರ್ಚೆ ಅಗತ್ಯವಿಲ್ಲ.” ಆಮೇಲಿನ ಯಾವ ಪುಟದಲ್ಲೂ ಆ ಹೆಸರಿಲ್ಲ. ನಾನು ಕೇಳಿಯೂ ಇರದ ಹೆಸರು.

ಕಚೇರಿಯಲ್ಲಿ ನಿವೃತ್ತಿಗೆ ಹತ್ತಿರವಿದ್ದ ಈಶ್ವರಯ್ಯನವರನ್ನು ಕೇಳಿದೆ. “ನುಗ್ಗೇಹಳ್ಳಿ ಚೆನ್ನಯ್ಯ ಅಲ್ವಾ ಮೇಡಂ? ಅದಾದ್ಮೇಲೆ ಮೇಷ್ಟ್ರು ಅವ್ರ ಕೂಡೆ ಮಾತೇ ಬಿಟ್ಬುಟ್ರು. ಒಂದೊರ್ಸ ಬಾಗ್ಲಲ್ಲಿ ನಿಂತ್ರು, ಆಮೇಲೆ ಬರಾದೇ ನಿಲ್ಸುದ್ರು. ಚನ್ನರಾಯಪಟ್ಣದಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡ್ಕಂಡು ರಿಟೈರ್ ಆದ್ರು.”

ಭಾನುವಾರ ಬಸ್ಸು ಹತ್ತಿದೆ. ನುಗ್ಗೇಹಳ್ಳಿಯ ಆ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಥೀಸಿಸ್ ಅಳತೆಯ ದಪ್ಪ ನೋಟ್‌ಬುಕ್ಕುಗಳ ಸಾಲು. ಚೆನ್ನಯ್ಯನವರ ಹೆಂಡತಿ ಶಾಂತಿ ಮಜ್ಜಿಗೆ ತಂದರು. “ಈಶ್ವರಯ್ಯ ಫೋನ್ ಮಾಡಿದ್ರು. ಅರದನಳ್ಳಿ ಗೌಡ್ರ ಮನೆಯವರಂತೆ. ಕುಡೀತೀರಾ ತಾನೆ?” ಎಂದು ಚೆನ್ನಯ್ಯ ಮೆತ್ತಗೆ ಕೇಳಿದರು. ನನಗೆ ಉರಿದುಹೋಯಿತು. ಕೇಳಿದ್ದಕ್ಕಲ್ಲ, ಅರವತ್ತು ದಾಟಿದ ಗಣಿತದ ಮೇಷ್ಟ್ರೊಬ್ಬರು ಈ ಕಾಲದಲ್ಲೂ ಅದನ್ನು ಕೇಳಬೇಕಾಗಿ ಬಂತಲ್ಲ ಅದಕ್ಕೆ. ಲೋಟ ಪೂರ್ತಿ ಕುಡಿದು ಇನ್ನೊಂದು ಲೋಟ ಕೇಳಿದೆ.

“ಗೋಷ್ಠಿ ರಿಜಿಸ್ಟರಲ್ಲಿ ಅನುಮಾನ ಅಂತ ಬರ್ದಿದ್ರಲ್ಲ ಸಾರ್, ಏನದು?”

“ಅನುಮಾನ ಅಲ್ಲ, ತಪ್ಪೇ. ದೊಡ್ಡೋರು ಅಂತ ಮರ್ವಾದೆಗೆ ಅನುಮಾನ ಅಂದೆ.” ಒಂದು ಹಾಳೆ ಕೊಟ್ಟರು. “ಸೊನ್ನೆ ಅನ್ನೋ ಬೆಲೆಯ ಎಲ್ಲೂ ತಗೊಳ್ದೇ ಇರೋ ಫಲನಗಳು ಇರ್ತವಲ್ಲ, ಮೇಷ್ಟ್ರು ಅವುನ್ನ ಮರ್ತಿದ್ರು. ಅಂತದ್ದೊಂದ ಇಟ್ರೆ ಲೆಮ್ಮಾ ಬಿದ್ದೋಯ್ತದೆ. ಅಷ್ಟೇಯ.”

“ಮೇಷ್ಟ್ರು ಏನಂದ್ರು?”

“ಏನೂ ಅನ್ನಲಿಲ್ಲ. ಅವ್ರು ಕೆಟ್ಟೋರಲ್ಲ. ಅಬ್ಬದಲ್ಲಿ ಮನೆಗೆ ಕರ್ದು ಊಟ ಇಕ್ಕೋರು. ಮಿಕ್ಕೋರ್ಗೆ ಒಳ್ಗೆ, ನಂಗೆ ಜಗ್ಲೀಲಿ.”

ಇದನ್ನು ಅವರು ಬಸ್ಸಿನ ವೇಳೆ ಹೇಳುವ ದನಿಯಲ್ಲಿ ಹೇಳಿದರು. ನಾನು ಒಳಗೆ ಕೂತು ಉಂಡವಳು. ನೋಟ್‌ಬುಕ್ಕುಗಳನ್ನು ತೋರಿಸಿ ಅವು ಏನೆಂದು ಕೇಳಿದೆ.

ನಮ್ಮ ವಿಭಾಗದಿಂದ ಆಮೇಲೆ ಬಂದ ಹನ್ನೊಂದು ಥೀಸಿಸ್‌ಗಳನ್ನೂ ಅವರು ಗ್ರಂಥಾಲಯದಲ್ಲಿ ಕೂತು ಓದಿದ್ದರು, ಒಂದೊಂದಕ್ಕೂ ಒಂದು ನೋಟ್‌ಬುಕ್ಕು. ಅರಕಲಗೂಡಿನಲ್ಲಿರುವ ದೇವಯ್ಯನದು, ಹೊಳೆನರಸೀಪುರದ ಅಶೋಕನದು, ಶಶಿಕುಮಾರ್‌ದು, ನನ್ನದು. ನಾಲ್ಕರಲ್ಲಿ ಏಳನೇ ಲೆಮ್ಮಾ ಇರಲಿಲ್ಲ. ಏಳರಲ್ಲಿತ್ತು. ಚೆನ್ನಯ್ಯ ಲೆಮ್ಮಾಕ್ಕೆ ಇನ್ನೊಂದು ಷರತ್ತು ಸೇರಿಸಿ, ಆರು ಪುಟದಲ್ಲಿ ಹೊಸದಾಗಿ ಸಾಧಿಸಿ, ಆ ಏಳರಲ್ಲಿ ಆರನ್ನು ಬೀಳದಂತೆ ನಿಲ್ಲಿಸಿದ್ದರು.

“ನಿಮ್ದು ನಿಲ್ಲಲಿಲ್ಲ ಮೇಡಂ” ಎಂದರು ತಪ್ಪು ಮಾಡಿದವರ ಹಾಗೆ. “ಮೂರ್ನೇ ಅಧ್ಯಾಯ ಓಯ್ತದೆ. ಬಾಳ ನೋಡ್ದೆ.”

ಹಾಳೆಯನ್ನು ವಾಪಸ್ ಬರುವಾಗ ಬಸ್ಸಿನಲ್ಲೇ ನೋಡಿದೆ. ಚನ್ನರಾಯಪಟ್ಟಣ ಬರುವುದರೊಳಗೆ ಮುಗಿಯಿತು. ಅವರು ಹೇಳಿದ್ದು ನಿಜ. ನನ್ನ ಮೂರನೇ ಅಧ್ಯಾಯವೇ ನನ್ನ ಥೀಸಿಸ್. ಕಾಯಂ ಹುದ್ದೆಗೆ ಹಾಕಿದ ಅರ್ಜಿಯಲ್ಲಿ ನಾನು ಹೆಮ್ಮೆಯಿಂದ ಬರೆದುಕೊಂಡದ್ದೂ ಅದನ್ನೇ.

ಸೋಮವಾರ ಶಶಿಕುಮಾರ್ ಮುಂದೆ ಹಾಳೆ ಇಟ್ಟೆ. ಅವರು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ.

“ಆವತ್ತು ರೂಮಲ್ಲಿ ನಾನೂ ಇದ್ದೆ. ಹತ್ತು ನಿಮಿಷಕ್ಕೆ ಎಲ್ರಿಗೂ ಅರ್ಥ ಆಗೋಯ್ತು.”

“ಗೊತ್ತಿದ್ದೂ ನಾಲ್ಕು ವರ್ಷ ಬಿಟ್ಟು ಅದ್ರ ಮೇಲೇ ಥೀಸಿಸ್ ಬರೆದ್ರಾ ಸಾರ್?”

“ಮೇಷ್ಟ್ರು ಗೈಡು. ಏನ್ ಮಾಡ್ಲಿ?” ಕನ್ನಡಕ ಒರೆಸಿಕೊಂಡರು. “ಚೆನ್ನಯ್ಯನೋರೂ ಸಹಕರಿಸಿದರು ಅಂತ ಒಂದ್ ಸಾಲು ಹಾಕಿ. ಯಾರ್ಗೂ ಬೇಜಾರಾಗಲ್ಲ.”

ಸಹಕರಿಸಿದರಂತೆ. ಮಂಟಪಕ್ಕೆ ಹೂವು ಕಟ್ಟಿಕೊಟ್ಟವರ ಹೆಸರು ಹಾಕುವ ಹಾಗೆ. ಎಂಟು ಜನ ಓದಿದವರು ಕೂತು, ನಿಜ ಹೇಳಿದ ಒಬ್ಬನನ್ನು ಬಾಗಿಲಲ್ಲಿ ನಿಲ್ಲಿಸಿ, ಅವನು ತಪ್ಪೆಂದು ತೋರಿಸಿದ್ದರ ಮೇಲೇ ಡಿಗ್ರಿ ಪಡೆದು, ಸಂಬಳ ತಿಂದು, ಈಗ ಅವನಿಗೆ ಒಂದು ಸಾಲು. ಹಾಳೆಯನ್ನು ಎತ್ತಿಕೊಂಡು ಹೊರಗೆ ಬಂದೆ.

ಮೂರು ದಿನ ಕೂತು ಬರೆದೆ. ಮೊದಲ ಪುಟಕ್ಕೆ ಚೆನ್ನಯ್ಯನವರ ಹೆಸರು. ಏಳನೇ ಲೆಮ್ಮಾ ತಪ್ಪು, ನನ್ನ ಮೂರನೇ ಅಧ್ಯಾಯ ತಪ್ಪು, ಗೊತ್ತಿದ್ದವರು ಬಾಯಿ ಮುಚ್ಚಿಕೊಂಡರು. ಕೊನೆಗೆ, “ಚೆನ್ನಯ್ಯನವರು ತಿದ್ದಿದ ಲೆಮ್ಮಾ ಸಂಪೂರ್ಣ ಸರಿಯಾಗಿದೆ. ಈ ವಿಭಾಗದ ನಿಜವಾದ ಸಂಶೋಧನೆ ಅದೊಂದೇ.” ಬರೆದು ಮುಗಿಸಿದಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ.

ಶಶಿಕುಮಾರ್ ಓದಿ ಮುಖ ಕೆಂಪಗೆ ಮಾಡಿಕೊಂಡರು. ಇದು ಅಚ್ಚಾಗದಿದ್ದರೆ ವಿಶ್ವವಿದ್ಯಾಲಯಕ್ಕೇ ಕಳಿಸುತ್ತೇನೆ ಎಂದೆ. ಆಗ ಸ್ವಲ್ಪ ಯೋಚಿಸಿ, “ಚೆನ್ನಯ್ಯನೋರು ಓದಿ ಒಪ್ಪಿ ಸಹಿ ಹಾಕ್ಲಿ. ಹಾಕುದ್ರೆ ಅಚ್ಚು ಮಾಡ್ಸಣ” ಎಂದರು. ಅವರು ಹಾಕುವುದಿಲ್ಲ ಎಂಬ ಧೈರ್ಯ ಆ ಮನುಷ್ಯನ ದನಿಯಲ್ಲಿತ್ತು. ಹಾಕಿಸಿಯೇ ತರುತ್ತೇನೆಂದು ಮತ್ತೆ ನುಗ್ಗೇಹಳ್ಳಿಗೆ ಹೋದೆ.

ಚೆನ್ನಯ್ಯ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

“ಸಂಪೂರ್ಣ ಸರಿಯಾಗದೆ ಅಂತ ಬರ್ದಿದೀರಿ. ನೋಡುದ್ರಾ?”

“ನೀವು ಕೊಟ್ಟ ಹಾಳೇನ ಬಸ್ಸಲ್ಲೇ ನೋಡ್ದೆ ಸಾರ್. ಮೇಷ್ಟ್ರದ್ದು ತಪ್ಪೇ.”

“ಅದಲ್ಲ. ನಾನು ತಿದ್ದಿರೋದು. ಆ ಆರು ಪುಟ.”

ನೋಟ್‌ಬುಕ್ಕುಗಳು ಹೋದ ಸಲ ಇದ್ದಲ್ಲೇ ಇದ್ದವು. ನಾನು ಅವುಗಳಲ್ಲಿ ಒಂದನ್ನೂ ಒಯ್ದಿರಲಿಲ್ಲ, ಆ ಆರು ಪುಟ ತೆರೆದೂ ನೋಡಿರಲಿಲ್ಲ.

“ನಿಮ್ಮ ಮೇಲೆ ನಂಬಿಕೆ ಇತ್ತು ಸಾರ್” ಎಂದೆ.

ಅಷ್ಟು ಮೆತ್ತಗಿನ ಮನುಷ್ಯ ಹಾಳೆಗಳನ್ನು ನೆಲದ ಮೇಲೆ ಎಸೆದರು. ಶಾಂತಿಯವರು ಬಾಗಿಲಿಗೆ ಬಂದು ನಿಂತರು.

“ಆ ನಂಬ್ಕೇನೇ ಕಣಮ್ಮ ನನ್ನ ಮೂವತ್ತೊರ್ಸ ತಿಂದಿದ್ದು. ನೀವೆಲ್ಲ ಅವ್ರ ನಂಬುದ್ರಿ, ಒಬ್ಬರೂ ನೋಡಲಿಲ್ಲ. ಈಗ ಮೇಷ್ಟ್ರ ಪಟ ಇಳ್ಸಿ ಅದೇ ಮೊಳೆಗೆ ನನ್ನ ತಗಲಾಕಕೆ ಬಂದಿದೀರಾ? ಆವತ್ತು ಬೋರ್ಡಿನ ಮುಂದೆ ನಿಂತು, ಯಾರಾದ್ರೂ ಒಂದ್ ಪ್ರಶ್ನೆ ಕೇಳ್ಲಿ ಅಂತ ಕಾಯ್ತಾ ಇದ್ದೆ. ನೀನು ಏಳ್ತಿರೋದು ತಪ್ಪು ಕಣ್ಲಾ ಅಂತಾದ್ರೂ ಅನ್ಲಿ ಅಂತ. ಯಾರೂ ಬಾಯಿ ಬಿಡಲಿಲ್ಲ. ನೀವೂ ಕೇಳಲಿಲ್ಲ.”

ಶಶಿಕುಮಾರ್ ಮೇಲೆ, ಮೇಷ್ಟ್ರ ಮೇಲೆ, ಆ ಎಂಟು ಜನರ ಮೇಲೆ ಮೂರು ದಿನ ಕಾರಿದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂದು ಕೂತಿತು. ಹಾಳೆಗಳನ್ನು ಆರಿಸಿಕೊಳ್ಳಲಿಲ್ಲ. ಬುದ್ಧನ ಪಟದ ಕೆಳಗಿನಿಂದ ಆ ಆರು ಪುಟವಿದ್ದ ಮೊದಲ ನೋಟ್‌ಬುಕ್ಕು ತೆಗೆದುಕೊಂಡು ಚಾಪೆಯ ಮೇಲೆ ಕೂತೆ. ಪೆನ್ನು ಹಿಡಿದು ಒಂದೊಂದು ಸಾಲನ್ನೂ ನಾನೇ ಮಾಡಿ ನೋಡಿದೆ. ಅವರು ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತಿದ್ದರು. ಮೊದಲ ಪುಟ ದಾಟಿತು, ಎರಡನೆಯದು ದಾಟಿತು. ನಾಲ್ಕನೇ ಪುಟದ ನಡುವೆ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡೆ. ಎರಡು ಸಲ ಮಾಡಿದೆ, ಬರಲಿಲ್ಲ.

“ಸಾರ್, ಈ ಸಾಲಿನಿಂದ ಮುಂದಿನ ಸಾಲು ಹೆಂಗೆ ಬಂತು?”

ಅವರು ಬಂದು ನನ್ನ ಪಕ್ಕದಲ್ಲಿ ಕೂತು ನೋಟ್‌ಬುಕ್ಕನ್ನು ಎಳೆದುಕೊಂಡರು. ಆ ಸಾಲನ್ನು ಒಮ್ಮೆ ಓದಿದರು, ಮತ್ತೆ ಓದಿದರು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು.

“ತಾಳಮ್ಮ” ಎಂದರು. “ನಂಗೂ ಕಾಣ್ತಾ ಇಲ್ಲ. ನೋಡಣ.”