ನೇರಳೆ ಹೂವಿನ ಕಮಾನು

ಗಂಡ ಬೇರೆ ಯಾರದೋ ಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಾನೆ ಎಂಬುದರಲ್ಲಿ ಸೋಪಿನವಳಿಗೆ ಅನುಮಾನವೇ ಉಳಿದಿರಲಿಲ್ಲ. ಬರೀ ತಿಂದು ಬರುತ್ತಿದ್ದರೆ ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದಳು. ಆದರೆ ವಾಸನೆ ಬರುತ್ತಿದ್ದುದು ಅವನ ಬಾಯಿಂದಲ್ಲ, ಬೆರಳುಗಳಿಂದ, ಅಂಗಿಯ ತೋಳಿನಿಂದ. ಅದೂ ಹಸಿ ಬೆಳ್ಳುಳ್ಳಿಯದು. ಮನೆಯಲ್ಲಿ ಇಷ್ಟು ವರ್ಷಗಳಲ್ಲಿ ಒಂದು ಈರುಳ್ಳಿಯ ಸಿಪ್ಪೆಯನ್ನೂ ತೆಗೆಯದ ಮಹಾನುಭಾವ ಇನ್ಯಾರದೋ ಅಡುಗೆಮನೆಯಲ್ಲಿ ಕೂತು ಎಸಳೆಸಳಾಗಿ ಸುಲಿದುಕೊಡುತ್ತಿದ್ದಾನೆ ಎಂದರೆ ಯಾವ ಹೆಂಡತಿಯ ಹೊಟ್ಟೆ ಉರಿಯುವುದಿಲ್ಲ?

ಸುಗಂಧದ ಸೋಪು ತಯಾರಿಸಿ ಮಾರುವುದು ಅವಳ ಕಸುಬು. ದಿನವಿಡೀ ಅತ್ತರು, ಎಣ್ಣೆಗಳ ನಡುವೆ ಕೂತವಳಿಗೆ ತನ್ನ ಸೋಪಿನ ಪರಿಮಳ ತನಗೇ ಹತ್ತುವುದಿಲ್ಲ. ಹಾಗಾಗಿ ಪ್ರತಿ ಹೊಸ ಸೋಪನ್ನೂ ಮೊದಲು ಗಂಡನ ಮೂಗಿಗೆ ಹಿಡಿಯುತ್ತಿದ್ದಳು. ಅವನು ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, "ಆಹಾ! ಸ್ವರ್ಗ ಬಿಡು" ಎನ್ನುತ್ತಿದ್ದ. ಆ ಆಹಾಕಾರವಿಲ್ಲದೆ ಯಾವ ಸೋಪೂ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅವನು ಸ್ವರ್ಗ ಎಂದಿದ್ದ ನಿಂಬೆಹುಲ್ಲಿನ ಸೋಪನ್ನು ಕೊಂಡವರು ಇದು ನೆಲ ಒರೆಸುವುದಕ್ಕೆ ಲಾಯಕ್ಕು ಎಂದು ವಾಪಸು ತಂದಾಗಲೂ ಅವಳು ಬೈದದ್ದು ಕೊಂಡವರ ಮೂಗನ್ನೇ.

"ಎಲ್ಲಿ ಹೋಗಿದ್ರಿ?" ಎಂದು ಕೊನೆಗೊಂದು ಸಂಜೆ ಕೇಳಿಯೇಬಿಟ್ಟಳು.

"ಎಲ್ಲಿಗೆ ಹೋಗ್ಲಿ? ಸ್ಟುಡಿಯೋದಲ್ಲೇ ಇದ್ದೆ."

"ಕೈ ಬೆಳ್ಳುಳ್ಳಿ ವಾಸನೆ ಹೊಡೀತಿದೆ."

ಅವನು ಅಂಗೈ ಮೂಸಿ ನೋಡಿಕೊಂಡ. "ಏನೂ ಇಲ್ವಲ್ಲ," ಎಂದು ಹಾಲು ಕುಡಿದ ಮಗುವಿನಂತೆ ನಿಂತ. ಇಂಥ ನಟನೆಗೆ ಬಹುಮಾನ ಕೊಡಬೇಕು ಎಂದುಕೊಂಡ ಅವಳು ದಿಂಬು ಎತ್ತಿಕೊಂಡು ಸೋಪಿನ ಕೋಣೆಗೆ ಮಲಗಲು ಹೋದಳು.

ಅಕ್ಕನಿಗೆ ಫೋನ್ ಮಾಡಿ ಅತ್ತದ್ದೂ ಆಯಿತು. ತಂಗಿಯ ಗಂಡನನ್ನು ಕಂಡರೆ ಅಕ್ಕನಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. "ಅಳ್ತಾ ಕೂರ್ಬೇಡ. ಹೋಗಿ ಕೈಯಾರೆ ಹಿಡಿ. ನಿಜ ಅನ್ನೋದಾದ್ರೆ ಗಂಟುಮೂಟೆ ಕಟ್ಕೊಂಡು ನನ್ನ ಮನೆಗೆ ಬಾ," ಎಂದಳು. ಮರುದಿನ ಅವಳು ಬಟ್ಟೆಯ ಚೀಲವನ್ನು ಬಾಗಿಲ ಬಳಿ ಸಿದ್ಧವಾಗಿಟ್ಟೇ ಹೊರಟಳು. ಆ ಮನೆಯನ್ನೂ ಆ ಪೆದ್ದನನ್ನೂ ಬಿಟ್ಟು ಹೋಗಲು ಅವಳಿಗೆ ಎಳ್ಳಷ್ಟೂ ಇಷ್ಟವಿರಲಿಲ್ಲ.

ಗಂಡನ ಸ್ಟುಡಿಯೋದ ಹಿಂದೆ ಒಂದು ಪುಟ್ಟ ತೋಟ. ಮದುವೆಯಾಗುವ ಜೋಡಿಗಳನ್ನು ಅಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು ಅವನ ವ್ಯಾಪಾರ. ಅವಳು ಅತ್ತ ಕಾಲಿಡದೆ ವರ್ಷದ ಮೇಲಾಗಿತ್ತು. ಕಳ್ಳಹೆಜ್ಜೆಯಲ್ಲಿ ಪಕ್ಕದ ಗೇಟಿನಿಂದ ಒಳಗೆ ಬಂದವಳು ಅಲ್ಲೇ ನಿಂತಳು. ಕಬ್ಬಿಣದ ಕಮಾನೊಂದನ್ನು ಬಳ್ಳಿಯೊಂದು ತುದಿಯವರೆಗೆ ನುಂಗಿಬಿಟ್ಟಿತ್ತು. ಅಂದು ಅರಳಿದ ಗೊಂಚಲು ಕಡು ನೇರಳೆ, ಮೊನ್ನೆಯದು ತಿಳಿ ನೇರಳೆ, ಹಳೆಯದು ಹೆಚ್ಚುಕಡಿಮೆ ಬಿಳಿ. ಕಣ್ಣಿಗೆ ಹಬ್ಬ ಎಂದರೆ ಅದು.

ಕಮಾನಿನ ಕೆಳಗೆ ಒಂದು ಜೋಡಿ ಕಚ್ಚಾಡುತ್ತಿತ್ತು.

"ಇನ್ನೂ ಹತ್ರ ಬನ್ನಿ, ಬಳ್ಳಿಗೆ ಒರಗಿಕೊಳ್ಳಿ, ನಗಿ!" ಎನ್ನುತ್ತಿದ್ದ ಗಂಡ, ಕ್ಯಾಮೆರಾದ ಹಿಂದಿನಿಂದ.

"ಇವತ್ತೊಂದಿನ ಆದ್ರೂ ಬಾಯಿ ತೊಳ್ಕೊಂಡು ಬರಬಾರದಿತ್ತಾ?" ಎಂದಳು ಹುಡುಗಿ.

"ನಾನಾ? ವಾಸನೆ ಬರ್ತಿರೋದು ನಿನ್ನ ಕಡೆಯಿಂದ!"

ಸೋಪಿನವಳ ಮೂಗು ಅರಳಿತು. ಸೀದಾ ಹೋಗಿ ಬಳ್ಳಿಯ ಎಲೆಯೊಂದನ್ನು ಕಿತ್ತು ಹಿಸುಕಿದಳು. ಹಸಿ ಬೆಳ್ಳುಳ್ಳಿ! ನಗಬೇಕೋ ಅಳಬೇಕೋ ತಿಳಿಯದೆ ಮೊದಲು ನಿಟ್ಟುಸಿರು ಬಿಟ್ಟಳು.

"ಏನ್ರೀ ಈ ಬಳ್ಳಿ?"

"ನೀನೆಲ್ಲಿ ಇಲ್ಲಿ?" ಎಂದು ಗಂಡ ಬೆಚ್ಚಿದ. "ನರ್ಸರಿಯವನು ಬೆಳ್ಳುಳ್ಳಿ ಬಳ್ಳಿ ಅಂದ. ತಮಾಷೆಗೆ ಇಟ್ಟ ಹೆಸರು ಅಂದ್ಕೊಂಡೆ. ಹೂ ಮುಗಿದ ಕೊಂಬೆ ಸವರಿದ್ರೆ ಹೊಸ ಚಿಗುರಲ್ಲಿ ಮತ್ತೆ ಗೊಂಚಲು ಬಿಡುತ್ತೆ. ಅದಕ್ಕೆ ದಿನಾ ಸವರ್ತೀನಿ."

"ಮತ್ತೆ ಈ ವಾಸನೆ?" ಅವಳು ಹಿಸುಕಿದ ಎಲೆಯನ್ನು ಅವನ ಮೂಗಿಗೇ ಹಿಡಿದಳು.

ಅಭ್ಯಾಸಬಲ ನೋಡಿ. ಅವನು ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದ. "ಆಹಾ! ಸ್ವರ್ಗ ಬಿಡು!"

ಜೋಡಿಯ ಜಗಳ ಕೂಡ ನಿಂತುಹೋಯಿತು.

"ನಿಮಗೆ ವಾಸನೇನೇ ಗೊತ್ತಾಗಲ್ಲ!" ಎಂದಳು ಅವಳು, ಮೆಲ್ಲಗೆ.

"ಮದುವೆಗೆ ಮುಂಚೆ ಒಂದು ಜ್ವರ ಬಂದಿತ್ತು," ಎಂದ ಅವನು ತಲೆ ತಗ್ಗಿಸಿ. "ಅವತ್ತಿಂದ ಈ ಮೂಗು ಬರೀ ಕನ್ನಡಕ ಇಡೋದಕ್ಕೆ."

"ಮತ್ತೆ ಅಷ್ಟೂ ಆಹಾ?"

"ಮೊದಲನೇ ಸೋಪು ಹಿಡ್ಕೊಂಡು ಬಂದಾಗ ನಿನ್ನ ಮುಖ ನೋಡ್ದೆ. ಅದಕ್ಕೆ ಅಂದದ್ದು. ಆಮೇಲೆ ಹೇಗೆ ವಾಪಸ್ ತಗೊಳ್ಲಿ?"

ಅವಳಿಗೆ ಮೈಯೆಲ್ಲ ಉರಿಯಿತು. ಇನ್ನೊಬ್ಬಳು ಇದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇದಕ್ಕೆ ಯಾರ ಜುಟ್ಟು ಹಿಡಿಯುವುದು? ಇವನದೋ ಅರ್ಧ ಬೋಳು. ಆದರೂ ಒಳಗೆಲ್ಲೋ, ಹಾಳಾದ್ದು, ಸಂತೋಷವೂ ಆಗುತ್ತಿತ್ತು.

ಜೋಡಿಯನ್ನು ಎಲೆಗೆ ತಗಲದಂತೆ ಕಮಾನಿನ ನಡುವೆ ಅವಳೇ ಎಳೆದು ನಿಲ್ಲಿಸಿದಳು. "ಇಬ್ಬರ ಬಾಯೂ ಸರಿಯಾಗೇ ಇದೆ. ಈಗ ನಗಿ," ಎಂದು ಗದರಿದಳು. ನಕ್ಕರು.

ಅಕ್ಕನಿಗೆ ಬರುವುದಿಲ್ಲ ಎಂದು ಫೋನ್ ಹೋಯಿತು. ಚೀಲ ಒಳಗೆ ಹೋಯಿತು, ದಿಂಬೂ ಸ್ವಸ್ಥಾನ ಸೇರಿತು. ಗಂಡ ಮನೆಗೆ ಬಂದು ಕೈ ತೊಳೆದು ಕೂರುವಷ್ಟರಲ್ಲಿ ಅವನ ಮುಂದೆ ಒಂದು ಮೊರದ ತುಂಬ ಬೆಳ್ಳುಳ್ಳಿ ಬಂತು.

"ಇದ್ಯಾಕೆ?"

"ನಿಮಗಂತೂ ವಾಸನೆ ಬರಲ್ಲ. ಸುಲೀರಿ. ಇನ್ನು ಈ ಮನೇಲಿ ಇದು ನಿಮ್ದೇ ಕೆಲಸ."

ಅವನು ಸುಲಿಯತೊಡಗಿದ. ಅವಳು ಹೊಸ ಸೋಪನ್ನು ಅಚ್ಚಿನಿಂದ ಬಿಡಿಸಿ, ಹಳೆಯ ಚಾಳಿಯಂತೆ ಅವನ ಮೂಗಿನವರೆಗೂ ಒಯ್ದು, ನೆನಪಾಗಿ ಕೈ ಹಿಂದಕ್ಕೆಳೆದುಕೊಂಡಳು. ಅವನು ಆ ಕೈಯನ್ನು ಹಿಡಿದುಕೊಂಡ. ಸೋಪಿನ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚದೆ ಅವಳ ಮುಖವನ್ನೇ ನೋಡುತ್ತ, "ಆಹಾ," ಎಂದ.

"ಸುಳ್ಳ," ಎಂದಳು ಅವಳು. ಒಂದು ಕೈ ಅವನ ಕೈಯಲ್ಲೇ ಇತ್ತು. ಇನ್ನೊಂದು ಕೈಯಿಂದ ಅವಳು ಮೊರಕ್ಕೆ ಮತ್ತೆರಡು ಗೆಡ್ಡೆ ಬೆಳ್ಳುಳ್ಳಿ ಹಾಕಿದಳು.