ಹುಗ್ಗಿ ಉಂಡವರ ಮತ

ನಾನು ಒಂದು ತಾಮ್ರದ ಕೊಪ್ಪರಿಗೆ. ನನ್ನ ಬಾಯಿಯ ಅಗಲ ಒಬ್ಬ ಆಳು ಎರಡೂ ಕೈ ಚಾಚಿದಷ್ಟು. ಆಳ ಅದರ ಅರ್ಧ. ಬಯಲುಸೀಮೆಯ ಒಂದು ಹತ್ತಿ ಪೇಟೆಯಲ್ಲಿ, ತಾಮ್ರ ಬಡಿಯುವವರ ಓಣಿಯಲ್ಲಿ, ಗಣಪತರಾಯನೆಂಬ ಮುದುಕ ನನ್ನನ್ನು ತಗಡಿನಿಂದ ಬಡಿದು ರೂಪಿಸಿದ. ಅವನದು ಮಾತು ಕಡಿಮೆ, ಪೆಟ್ಟು ಹೆಚ್ಚು. ಒಂದು ಪೆಟ್ಟು ಓರೆಯಾದರೆ ಅದರ ಸುತ್ತಲಿನ ಜಾಗವನ್ನೆಲ್ಲ ಮತ್ತೆ ಕಾಯಿಸಿ ಬಡಿಯುತ್ತಿದ್ದ. ಕೊನೆಗೆ ಒಳಗೆ ಕಲಾಯಿ ಹಾಕಿ, ಬೀದಿಗೆ ಉರುಳಿಸಿ, ನನ್ನ ದುಂಡಗಿನ ಆಕಾರ ಸರಿಯಿದೆಯೇ ಎಂದು ನೋಡಿದ. ಸರಿಯಿತ್ತು. ಬಾಗಿಲ ಮುಂದೆ ಮಾರಾಟಕ್ಕಿಟ್ಟ.

ನನ್ನನ್ನು ಮೊದಲು ಕೊಂಡವನು ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಹುಸೇನಸಾಬ. ಮದುವೆ, ಉರುಸು, ತಿಥಿ ಎಲ್ಲದಕ್ಕೂ ನಾನು ಹೋದೆ. ಒಲೆಯ ಮೇಲಿನಿಂದ ಸಾಲುಸಾಲು ಎಲೆಗಳನ್ನೂ ಅವುಗಳ ಮೇಲೆ ಬಾಗಿದ ಮುಖಗಳನ್ನೂ ಕಂಡೆ. ಆ ಪಂಕ್ತಿಗಳಲ್ಲಿ ಉಂಡವರು ಎದ್ದು ಕೈ ತೊಳೆದು ಹೋಗುತ್ತಿದ್ದರು. ಅಲ್ಲಿಗೆ ಎರಡು ಕಡೆಯ ಲೆಕ್ಕವೂ ಮುಗಿಯುತ್ತಿತ್ತು.

ಹುಸೇನಸಾಬನಿಂದ ನನ್ನನ್ನು ಕೊಂಡವರು ಗುರುಶಾಂತಪ್ಪ ಅರಳಿಕಟ್ಟಿ. ಹತ್ತಿಯ ಕಾರ್ಖಾನೆಯ ಒಡೆಯರಾದ ಅವರನ್ನು ಊರೆಲ್ಲ ಸಾವ್ಕಾರರೆಂದೇ ಕರೆಯುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ. ಆಸ್ಪತ್ರೆಗೆ ಒಂದು ಕೊಠಡಿ ಕಟ್ಟಿಸಿ, ಗೋಡೆಯ ಮೇಲೆ ತಮ್ಮ ಹೆಸರು ಬರೆಸದೆ ಬಿಟ್ಟವರು. ಅವರಿಗೆ ಒಂದೇ ಆಸೆ ಇತ್ತು: ತಮ್ಮೂರಿನ ಪುರಸಭೆಗೆ ಅಧ್ಯಕ್ಷರಾಗುವುದು.

ಆ ವರ್ಷ ಅವರ ಪಕ್ಷ ಹೊಸ ಕ್ರಮವೊಂದನ್ನು ತಂದಿತು. ಅಧ್ಯಕ್ಷ ಸ್ಥಾನಕ್ಕೆ ಪಕ್ಷದಿಂದ ಯಾರು ನಿಲ್ಲಬೇಕೆಂಬುದನ್ನು ಚುನಾವಣೆಗೆ ಮುಂಚೆಯೇ ಪಕ್ಷದ ಸದಸ್ಯರೆಲ್ಲ ಗುಟ್ಟಾಗಿ ಚೀಟಿ ಹಾಕಿ ತೀರ್ಮಾನಿಸಬೇಕು. ಕಣದಲ್ಲಿ ಉಳಿದವರು ಇಬ್ಬರೇ. ಒಬ್ಬರು ಸಾವ್ಕಾರರು. ಇನ್ನೊಬ್ಬರು ಶಾವಂತ್ರವ್ವ ಕಮ್ಮಾರ; ಹೊಲಿಗೆ ಕಲಿಸಿ ಬದುಕುತ್ತಿದ್ದ ಪುರಸಭೆ ಸದಸ್ಯೆ. ಕಾರ್ಖಾನೆಯ ಕೂಲಿಯವರಿದ್ದ ಕೆಳಗಿನ ಓಣಿಗೆ ನೀರಿನ ನಳ ಹಾಕಿಸಬೇಕೆಂಬುದು ಆಕೆಯ ಹಟ. ಆ ಓಣಿಯ ಹೆಚ್ಚಿನವರೂ ಪಕ್ಷದ ಸದಸ್ಯರೇ.

ಸಾವ್ಕಾರರು ಪಕ್ಷದ ಒಂದು ಕಾಸನ್ನೂ ಮುಟ್ಟಲಿಲ್ಲ. ಎಲ್ಲವೂ ಸ್ವಂತ ಹಣ. ಗೋಡೆಗೋಡೆಯ ಮೇಲೆ ಅವರ ಹೆಸರು, ಬೀದಿಬೀದಿಗೆ ಅವರ ಜೀಪು. ಕಾರ್ಖಾನೆಯ ಅಂಗಳದಲ್ಲಿ ನಾನು, ನನ್ನೊಳಗೆ ಬಂದವರಿಗೆಲ್ಲ ಗೋಧಿ ಹುಗ್ಗಿ. ಶಾವಂತ್ರವ್ವನಿಗೆ ಒಂದು ಕೈಚೀಲ, ಎರಡು ಕಾಲು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಮುಳ್ಳು ಎತ್ತ ವಾಲುತ್ತದೆಂಬುದಕ್ಕೆ ಗಣಿತ ಬೇಡ.

ಊಟ ಮುಗಿದ ಮೇಲೆ ಕೆಳಗಿನ ಓಣಿಯ ಹೆಂಗಸರು ಕೂಲಿಗೆ ಬಂದು, ಬಾವಿಯ ಬಳಿ ಬೂದಿ ಹುಣಸೆ ಹಚ್ಚಿ ನನ್ನನ್ನು ತಿಕ್ಕುತ್ತಿದ್ದರು. ಶಾವಂತ್ರವ್ವ ಒಂದು ದಿನ ಅಲ್ಲಿಗೇ ಬಂದಳು.

"ಫಕೀರವ್ವಾ, ನಿನ್ನ ಮನಿಗೆ ಎಷ್ಟು ಸಲ ಬಂದೆ. ಬಂದಾಗೊಮ್ಮೆ ಹಿತ್ತಲ ಬಾಗಿಲಿಂದ ಹೋಗ್ತಿ. ನಾ ಏನು ಸಾಲ ಕೇಳಾಕ ಬಂದಿದ್ನೇನು?"

ಫಕೀರವ್ವ ತಲೆ ಎತ್ತಲಿಲ್ಲ. "ಸಾಲ ಕೇಳಿದ್ರ ಇಲ್ಲ ಅಂತಿದ್ದೆ ಅಕ್ಕಾ, ಅದು ಹಗುರ. ನೀವು ಮತ ಕೇಳ್ತೀರಿ. ಸಾವ್ಕಾರ್ರ ಉಪ್ಪು ಉಂಡೀವಿ. ಉಂಡು ಬಂದು ಅವರ ಎದುರು ಚೀಟಿ ಹಾಕಾಕ ಕೈ ಬರೂದಿಲ್ಲ."

"ಓಣಿಗೆ ನಳ ಬ್ಯಾಡೇನು?"

"ಬೇಕ್ರಿ. ಕೊಡ ಹೊತ್ತು ಕುತ್ತಿಗಿ ಸೊಟ್ಟ ಆಗೇತಿ. ಆದ್ರ ಉಪ್ಪು ಉಪ್ಪೇ."

"ಹಂಗಾರ ಹುಗ್ಗಿ ಉಣ್ಣಾಕ ಹೋಗಬ್ಯಾಡ್ರಿ ಅಂತ ಹೇಳಲೇನು?"

"ಹೇಳ್ರಿ. ನಾ ಕೇಳ್ತೀನಿ. ಹೊಟ್ಟಿ ಕೇಳತೈತೋ ಇಲ್ಲೋ, ಅದನ್ನ ನೀವಾ ಕೇಳಿ ನೋಡ್ರಿ."

ಉಳಿದ ಹೆಂಗಸರು ನಕ್ಕರು. ಶಾವಂತ್ರವ್ವ ನಗಲಿಲ್ಲ. ನನ್ನ ಅಂಚಿನ ಮೇಲೆ ಕೈಯೂರಿದಳು. ಹಸಿದವರಿಗೆ ಉಣ್ಣಬೇಡಿ ಎನ್ನುವ ಬಾಯಿ ಆಕೆಗಿರಲಿಲ್ಲ. ಉಂಡವರಿಗೆ ಉಪ್ಪನ್ನು ಮರೆಯಿರಿ ಎನ್ನುವುದೂ ಆಗದು. ನಳ, ಮತ, ಆಕೆಯ ಇಷ್ಟು ದಿನದ ತಿರುಗಾಟ ಎಲ್ಲವೂ ಅಲ್ಲಿಗೆ ಬಂದು ನಿಂತಿದ್ದವು.

ಚೀಟಿ ಹಾಕುವ ಹಿಂದಿನ ದಿನ ಮಧ್ಯಾಹ್ನ ಕೊನೆಯ ಊಟ. ಅಂಗಳ ತುಂಬಿತ್ತು. ಕೆಳಗಿನ ಓಣಿ ಪೂರ್ತಿ ಪಂಕ್ತಿಯಲ್ಲಿತ್ತು. ಆಗ ಶಾವಂತ್ರವ್ವ ಒಳಗೆ ಬಂದಳು. ಚಪ್ಪಲಿ ಬಿಟ್ಟು, ಫಕೀರವ್ವನ ಪಕ್ಕದ ಎಲೆಯ ಮುಂದೆ ಕುಳಿತಳು. ಸಾವ್ಕಾರರ ಗುಮಾಸ್ತ ರುದ್ರಯ್ಯ ಓಡಿ ಬಂದ.

"ಏನ್ರೀ ಅಕ್ಕಾರ, ದಾರಿ ತಪ್ಪಿದ್ರೇನು? ಇಲ್ಲಾ ಸ್ಪರ್ಧೆ ಬಿಟ್ಟು ಬಂದ್ರೋ?"

"ಹಸಿವಿ ಆಗಿತ್ತು, ಬಂದೆ. ಎಲಿ ಹಾಕಿದ ಮ್ಯಾಲ ಕುಂತವರ ಜಾತಕ ಕೇಳಬಾರದು ತಮ್ಮಾ. ತುಪ್ಪ ಎಲ್ಲೈತಿ?"

ಆಕೆ ನಿಧಾನವಾಗಿ, ಎಲ್ಲರೂ ಕಾಣುವಂತೆ, ಎಲೆ ಬರಿದಾಗುವ ತನಕ ಉಂಡಳು. ಪಂಕ್ತಿಯ ನಡುವೆ ಕೈಮುಗಿಯುತ್ತ ಬರುತ್ತಿದ್ದ ಸಾವ್ಕಾರರು ಆಕೆಯ ಎದುರಿಗೆ ಬಂದು ನಿಂತರು.

"ಸಾವ್ಕಾರ್ರ, ಹುಗ್ಗಿ ಭಾಳ ಚೊಲೋ ಆಗೇತ್ರಿ," ಎಂದಳು. ದನಿ ಏರಿರಲಿಲ್ಲ, ಆದರೆ ಅಂಗಳಕ್ಕೆಲ್ಲ ಕೇಳಿಸಿತು. "ನಿಮ್ಮ ಉಪ್ಪು ಉಂಡೆ. ನಾಳೆ ನನ್ನ ಚೀಟಿ ಮಾತ್ರ ನನಗ ಹಾಕ್ಕೊಂತೀನಿ. ತಪ್ಪಾಗತೈತೇನ್ರಿ?"

ಎಲೆಗಳ ಮೇಲೆ ಕೈಗಳು ನಿಂತವು. ತಪ್ಪು ಎಂದರೆ ಉಪ್ಪಿನ ಋಣಕ್ಕೆ ಪಂಕ್ತಿಯಲ್ಲಿದ್ದ ಮತಗಳೆಲ್ಲ ಸಾವ್ಕಾರರವು. ತಪ್ಪಲ್ಲ ಎಂದರೆ ಒಂದೂ ಅವರದಲ್ಲ. ವ್ಯಾಪಾರದಲ್ಲಿ ಬೆಳೆದ ಅವರಿಗೆ ಈ ಲೆಕ್ಕ ತಿಳಿಯದೆ ಇರಲಿಲ್ಲ. ಅವರ ಕಣ್ಣು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂತು.

ಆಮೇಲೆ ಅವರು ನನ್ನ ಬಳಿಗೆ ಬಂದರು, ಬಡಿಸುವವನ ಕೈಯಿಂದ ಸೌಟು ತೆಗೆದುಕೊಂಡರು, ಬಿಸಿ ಹುಗ್ಗಿಯನ್ನು ತಾವೇ ಒಯ್ದು ಆಕೆಯ ಎಲೆಗೆ ಹಾಕಿದರು.

"ಉಣ್ಣಾಕ ನೀಡಿ ಬೆಲೆ ಕೇಳೋ ಮನೆತನ ನಮ್ಮದಲ್ಲವ್ವಾ. ನಿನ್ನ ಚೀಟಿ ನಿಂದು." ಬಳಿಕ ಪಂಕ್ತಿಯ ಕಡೆ ತಿರುಗಿ, "ನಿಮ್ಮವೂ ಅಷ್ಟ. ಸಾವಕಾಶ ಉಣ್ರಿ," ಎಂದರು.

ಫಕೀರವ್ವ ಇನ್ನೊಂದು ಸೌಟು ಹಾಕಿಸಿಕೊಂಡಳು.

ಮರುದಿನ ಸಂಜೆ, ಓಣಿಗೊಂದರಂತೆ ಇಟ್ಟಿದ್ದ ಪೆಟ್ಟಿಗೆಗಳ ಎಣಿಕೆ ಮುಗಿಯಿತು. ಮೇಲಿನ ಬೀದಿಗಳಲ್ಲಿ ಸಾವ್ಕಾರರೇ ಮುಂದಿದ್ದರು; ಜೀಪು, ಗೋಡೆಬರಹಗಳು ತಮ್ಮ ಕೆಲಸ ಮಾಡಿದ್ದವು. ಆದರೆ ಕೆಳಗಿನ ಓಣಿ ಬಹುತೇಕ ಶಾವಂತ್ರವ್ವನ ಕಡೆ ಬಿದ್ದಿತ್ತು. ಅಲ್ಪ ಅಂತರದಲ್ಲಿ ಆಕೆ ಪಕ್ಷದ ಅಭ್ಯರ್ಥಿಯಾದಳು.

ಅಂಗಳದಲ್ಲಿ ರುದ್ರಯ್ಯನಿಗೆ ತಡೆಯಲಾಗಲಿಲ್ಲ. "ತಪ್ಪು ಅಂತ ಒಂದು ಮಾತು ಅಂದಿದ್ರ ಸಾಕಿತ್ತಲ್ರೀ ಧಣಿ."

"ಅಂದಿದ್ರ ಗೆಲ್ತಿದ್ದೆ," ಎಂದರು ಸಾವ್ಕಾರರು. "ಆದ್ರ ನಮ್ಮಪ್ಪನ ಕಾಲದಿಂದ ನೀಡಿದ ಅನ್ನ ಎಲ್ಲಾ ಮಾರಿದಂಗ ಆಗ್ತಿತ್ತು. ಹೋಗು, ಕೊಪ್ಪರಿಗಿ ತೊಳಸು."

ಅಧ್ಯಕ್ಷರಾಗುವ ಆಸೆಯನ್ನು ಅವರು ಮತ್ತೆ ಬಾಯಿಗೆ ತರಲಿಲ್ಲ. ಮುಂದಿನ ಬಾರಿ ಎಣ್ಣೆ ಗಿರಣಿಯ ಧಣಿಯೊಬ್ಬ ನನ್ನನ್ನು ಎರವಲು ಒಯ್ದು, ಇನ್ನೂ ಹೆಚ್ಚು ತುಪ್ಪ ಸುರಿದು ಹುಗ್ಗಿ ಮಾಡಿಸಿದ. ಜನ ಬಂದರು, ಹೊಟ್ಟೆ ತುಂಬ ಉಂಡರು, ಅಡುಗೆಯವನನ್ನು ಹೊಗಳಿದರು, ಮರುದಿನ ತಮಗೆ ಸರಿ ಕಂಡವರಿಗೆ ಚೀಟಿ ಹಾಕಿದರು. ಅವನು ಸೋತ. ಅದರ ಮುಂದಿನ ಬಾರಿ ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಹಾಕಿದ್ದು ಹಿಂದಿರುಗದ ಕಡೆ ಹಣವುಳ್ಳವನು ಎರಡನೆಯ ಸಲ ಹಣ ಹಾಕುವುದಿಲ್ಲ.

ಹಣ ಬೇರೆ ದಾರಿ ಹಿಡಿದಿರಬಹುದು. ಅದನ್ನು ಜೀಪುಗಳು ಹೇಳಬೇಕು, ಗೋಡೆಗಳು ಹೇಳಬೇಕು. ಒಲೆಯ ದಾರಿ ಮುಚ್ಚಿದ್ದನ್ನು ಮಾತ್ರ ನಾನು ಬಲ್ಲೆ.

ಈಗ ನಾನು ಕಾರ್ಖಾನೆಯ ಉಗ್ರಾಣದ ಮೂಲೆಯಲ್ಲಿ ಬೋರಲಾಗಿ ಬಿದ್ದಿದ್ದೇನೆ. ಕಲಾಯಿ ಹೋಗಿದೆ, ಅಂಚು ಹಸಿರುಗಟ್ಟಿದೆ. ಬರಿದಾಗಿ ಬಿದ್ದಿರುವುದು ಪಾತ್ರೆಗೆ ಅವಮಾನವೆಂದು ಮೊದಲು ನಾನೂ ಎಣಿಸುತ್ತಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಒಬ್ಬಳು ಎದುರಾಳಿಯ ಎಲೆಯ ಮುಂದೆ ಕೂರುವ ಧೈರ್ಯ ಮಾಡಿದಳು. ಒಬ್ಬರು ಗೆಲ್ಲುವ ಮಾತನ್ನು ಬಾಯಲ್ಲಿಟ್ಟುಕೊಂಡೂ ಆಡದೆ ಬಿಟ್ಟರು. ಈ ಊರಿನಲ್ಲಿ ಹಸಿದವರು ಉಣ್ಣುತ್ತಾರೆ, ಮತವಿದ್ದವರು ಮತ ಹಾಕುತ್ತಾರೆ. ಇವೆರಡರ ನಡುವೆ ನನಗೆ ಕೆಲಸವಿಲ್ಲ.